ಕವಾಟದ ಹೃದ್ರೋಗದಲ್ಲಿ ಶ್ರಮಪರೀಕ್ಷೆ ಮತ್ತು ಹೃದಯಚಿತ್ರಣ: ಒಂದು ಐತಿಹಾಸಿಕ ಪರಿಶೀಲನೆ

ವೈದ್ಯಶಾಸ್ತ್ರದ ಚರಿತ್ರೆಯನ್ನು ಬರೆಯಹೊರಟವರಲ್ಲಿ ಬಹುಮಂದಿ ಉಪಕರಣಗಳ ಚರಿತ್ರೆಯನ್ನೇ ಬರೆದು ಮುಗಿಸಿದ್ದಾರೆ. 1816ರ ಸ್ಟೆತಾಸ್ಕೋಪು, 1895ರ ಕ್ಷ-ಕಿರಣ, ಇಪ್ಪತ್ತನೆಯ ಶತಮಾನದ ಆದಿಯ ವಿದ್ಯುತ್ ಹೃಲ್ಲೇಖ, 1953ರ ಶ್ರವಣಾತೀತ ಧ್ವನಿಯ ಚಿತ್ರ, ಹೀಗೆ ಒಂದೊಂದನ್ನೂ ಸಾಲಾಗಿ ನಿಲ್ಲಿಸಿ, ಒಂದರಿಂದ ಇನ್ನೊಂದು ತಾನಾಗಿಯೇ ಹುಟ್ಟಿತೆಂಬಂತೆ ನಿರೂಪಿಸುವುದು ವಾಡಿಕೆಯಾಗಿದೆ. ಈ ಕ್ರಮದಲ್ಲಿ ಒಂದು ದೋಷವುಂಟು. ಉಪಕರಣ ಉತ್ತರವನ್ನು ಕೊಡಬಲ್ಲದು. ಪ್ರಶ್ನೆಯನ್ನು ಕೇಳಬೇಕಾದವನು ಮನುಷ್ಯ. ಹೃದಯದ ಕವಾಟ ಕೆಟ್ಟಿರುವ ರೋಗಿಯನ್ನು ಶ್ರಮಕ್ಕೆ ಒಳಪಡಿಸಿ, ಆ ಶ್ರಮದ ನಡುವೆಯೇ ಅವನ ಹೃದಯವನ್ನು ಕಣ್ಣಿಗೆ ಕಾಣುವಂತೆ ಮಾಡುವ ಇಂದಿನ ಪದ್ಧತಿ ಯಂತ್ರಗಳ ಮಗುವೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಅದರ ಹಿಂದಿರುವ ಪ್ರಶ್ನೆ ಯಂತ್ರಗಳಿಗಿಂತ ಹಳೆಯದೆಂಬುದನ್ನೂ, ಆ ಪ್ರಶ್ನೆಯನ್ನು ಕೇಳಿದವರೇ ಒಂದು ಘಟ್ಟದಲ್ಲಿ ಅದರ ಉತ್ತರಕ್ಕೆ ಅಡ್ಡವಾಗಿ ನಿಂತರೆಂಬುದನ್ನೂ ಈ ಲೇಖನದಲ್ಲಿ ತೋರಿಸಲು ಯತ್ನಿಸಿದ್ದೇವೆ. ನಾವು ವೈದ್ಯರಲ್ಲ, ಚರಿತ್ರೆಯ ವಿದ್ಯಾರ್ಥಿಗಳು. ಚಿಕಿತ್ಸೆಯ ವಿಷಯದಲ್ಲಿ ತೀರ್ಪು ಕೊಡುವ ಅಧಿಕಾರ ನಮಗಿಲ್ಲವೆಂಬುದನ್ನು ವಾಚಕರು ಗಮನದಲ್ಲಿಡಬೇಕು.

ಮೊದಲು ರೋಗದ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಅವಶ್ಯಕ. ಹೃದಯದ ಎಡಭಾಗದಲ್ಲಿ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಎರಡು ದಳಗಳುಳ್ಳ ಒಂದು ಕವಾಟವಿದೆ. ಕ್ರೈಸ್ತ ಬಿಷಪ್ಪರ ಕಿರೀಟವನ್ನು ಹೋಲುವುದರಿಂದ ಇದಕ್ಕೆ ಮೈಟ್ರಲ್ ಕವಾಟವೆಂಬ ಹೆಸರು ಬಂದಿತು. ಆರೋಗ್ಯವಂತರಲ್ಲಿ ಇದು 4ರಿಂದ 6 ಚದರ ಸೆಂಟಿಮೀಟರಿನಷ್ಟು ಅಗಲವಾಗಿ ತೆರೆದುಕೊಳ್ಳುತ್ತದೆ. ಬಾಲ್ಯದಲ್ಲಿ ಗಂಟಲುನೋವಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ ಕೀಲುಗಳನ್ನು ಕೆಲವು ವಾರ ಕಾಡಿ ಬಿಟ್ಟುಹೋಗುತ್ತದೆ. ಹೃದಯವನ್ನು ಮಾತ್ರ ಬಿಡುವುದಿಲ್ಲ. ವರ್ಷಗಳು ಕಳೆದಂತೆ ದಳಗಳ ಅಂಚುಗಳು ಒಂದಕ್ಕೊಂದು ಬೆಸೆದು, ದಪ್ಪವಾಗಿ, ಬಾಯಿ 1 ಅಥವಾ 1.5 ಚದರ ಸೆಂಟಿಮೀಟರಿಗೆ ಇಳಿಯುತ್ತದೆ. ಕೆಳಗಿಳಿಯಲಾರದ ರಕ್ತ ಹಿಂದಕ್ಕೆ ಒತ್ತಿ ಪುಪ್ಪುಸಗಳಲ್ಲಿ ಕಟ್ಟಿಕೊಳ್ಳುತ್ತದೆ, ಉಸಿರು ಮೇಲಾಗುತ್ತದೆ. ಆದರೆ ಸುಮ್ಮನೆ ಕುಳಿತಿರುವಾಗ ಹರಿಯಬೇಕಾದ ರಕ್ತವೂ ಕಡಿಮೆಯಾದ್ದರಿಂದ ರೋಗಿಗೆ ಏನೂ ಅನ್ನಿಸುವುದಿಲ್ಲ. ರೋಗ ನಿಧಾನವಾಗಿ ಏರುವಷ್ಟೇ ನಿಧಾನವಾಗಿ ರೋಗಿ ತನ್ನ ಬದುಕನ್ನು ಇಳಿಸಿಕೊಳ್ಳುತ್ತಾನೆ. ನೀರು ತರಲು ದೂರದ ಬಾವಿಗೆ ಹೋಗುತ್ತಿದ್ದವಳು ಮಗಳನ್ನು ಕಳುಹಿಸುತ್ತಾಳೆ. ಮಹಡಿ ಹತ್ತುತ್ತಿದ್ದವನು ಕೆಳಗಿನ ಕೋಣೆಯಲ್ಲಿ ಮಲಗತೊಡಗುತ್ತಾನೆ. ವೈದ್ಯರು ಕೇಳಿದರೆ ‘ಏನೂ ತೊಂದರೆಯಿಲ್ಲ’ ಎಂಬ ಉತ್ತರ ಬರುತ್ತದೆ. ಅದು ಸುಳ್ಳೂ ಅಲ್ಲ. ಈ ಪ್ರಾಮಾಣಿಕವಾದ, ಆದರೆ ಪೂರ್ಣವಲ್ಲದ ಸಾಕ್ಷ್ಯವನ್ನು ಪರಿಶೀಲಿಸುವುದು ಹೇಗೆ ಎಂಬುದೇ ಇಲ್ಲಿಯ ಸಮಸ್ಯೆ. ದಾಖಲೆಗಳೊಡನೆ ವ್ಯವಹರಿಸುವ ನಮಗೆ ಇದು ಅಪರಿಚಿತವಾದ ಸಮಸ್ಯೆಯಲ್ಲ.

ಈ ರೋಗವನ್ನು ಸ್ಪಷ್ಟವಾಗಿ ವರ್ಣಿಸಿದವರಲ್ಲಿ ಮೊದಲಿಗರೆಂದು ಫ್ರಾನ್ಸಿನ ಮೊಂಪೆಲ್ಯೇ ನಗರದ ರೇಮಂ ವ್ಯೂಸ್ಸಾಂಸರನ್ನು ಹೆಸರಿಸುವುದು ರೂಢಿ. ಅವರ ಹೃದಯ ವಿಷಯಕ ಗ್ರಂಥ ಪ್ರಕಟವಾದದ್ದು 1715ರಲ್ಲಿ. ಶವಪರೀಕ್ಷೆಯಲ್ಲಿ ಕಂಡದ್ದನ್ನು ಜೀವಂತ ರೋಗಿಯಲ್ಲಿ ಗುರುತಿಸುವ ಮಾರ್ಗ ತೆರೆದದ್ದು ಅದಾಗಿ ಒಂದು ಶತಮಾನದ ಮೇಲೆ. ಪ್ಯಾರಿಸಿನ ನೆಕ್ಕೇರ್ ಆಸ್ಪತ್ರೆಯ ಲೆನೆಕ್ 1816ರಲ್ಲಿ ಸ್ಟೆತಾಸ್ಕೋಪನ್ನು ರೂಪಿಸಿ, 1819ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಅಲ್ಲಿಂದ ಮುಂದೆ ಹತ್ತೊಂಬತ್ತನೆಯ ಶತಮಾನವೆಲ್ಲ ಮರ್ಮರ ಶಬ್ದಗಳ ಶತಮಾನ. ಯಾವ ಕವಾಟ, ಯಾವ ಬಗೆಯ ದೋಷ ಎಂಬುದನ್ನು ಕಿವಿಯಿಂದಲೇ ಹೇಳುವ ಅದ್ಭುತ ಕೌಶಲ ಬೆಳೆಯಿತು. ಆದರೆ ಕೇಳಲಾದ ಹೃದಯ ಬಹುಮಟ್ಟಿಗೆ ಹಾಸಿಗೆಯ ಮೇಲೆ ಒರಗಿದ್ದ ಮನುಷ್ಯನ ಹೃದಯ. ಮರ್ಮರ ಕೇಳಿಸಿತೆಂದರೆ ಯುವಕನಿಗೆ ಸೈನ್ಯದ ಬಾಗಿಲು ಮುಚ್ಚಿತು. ಎಷ್ಟೋ ಮಂದಿ ಆರೋಗ್ಯವಂತರು ಜೀವಮಾನವೆಲ್ಲ ರೋಗಿಗಳೆನಿಸಿಕೊಂಡು ಬದುಕಿದರು.

ಈ ನಂಬಿಕೆಯನ್ನು ಅಲುಗಿಸಿದವರು ಜೇಮ್ಸ್ ಮ್ಯಾಕೆಂಜಿ. ಇವರು ದೊಡ್ಡ ಆಸ್ಪತ್ರೆಯ ಪ್ರಾಧ್ಯಾಪಕರಾಗಿರಲಿಲ್ಲ. ಇಂಗ್ಲೆಂಡಿನ ಲ್ಯಾಂಕಷೈರಿನಲ್ಲಿ ಬಟ್ಟೆಗಿರಣಿಗಳ ಪಟ್ಟಣವಾದ ಬರ್ನ್ಲಿಯಲ್ಲಿ ಸಾಮಾನ್ಯ ವೈದ್ಯವೃತ್ತಿ ನಡೆಸುತ್ತಿದ್ದರು. ಹೃದ್ರೋಗವಿದ್ದ ಗರ್ಭಿಣಿಯೊಬ್ಬಳು ಹೆರಿಗೆಯಲ್ಲಿ ತಮ್ಮ ಕಣ್ಣೆದುರೇ ತೀರಿಕೊಂಡದ್ದು ಹೃದಯದ ಅಧ್ಯಯನಕ್ಕೆ ಅವರನ್ನು ಪ್ರೇರಿಸಿತೆಂದು ಅವರ ಜೀವನಚರಿತ್ರಕಾರರು ಹೇಳುತ್ತಾರೆ. ಗರ್ಭಧಾರಣೆಯಲ್ಲಿ ಹೃದಯ ಹೊರಹಾಕುವ ರಕ್ತದ ಮೊತ್ತ ನೂರಕ್ಕೆ 30ರಿಂದ 50ರಷ್ಟು ಹೆಚ್ಚುತ್ತದೆಂಬುದನ್ನು ನೆನೆದರೆ, ಈ ಇಡೀ ಚರಿತ್ರೆಯ ಮೊದಲ ಶ್ರಮಪರೀಕ್ಷೆ ಆ ಹೆಸರಿಲ್ಲದ ಹೆಂಗಸಿನದೆಂದು ನಮಗೆ ತೋರುತ್ತದೆ. ಒಂದೇ ಊರಿನಲ್ಲಿ ಅದೇ ಕುಟುಂಬಗಳನ್ನು ವರ್ಷಗಟ್ಟಲೆ ನೋಡುತ್ತಿದ್ದುದರಿಂದ ಮ್ಯಾಕೆಂಜಿಯವರಿಗೆ ಆಸ್ಪತ್ರೆಯ ವೈದ್ಯರಿಗೆ ಕಾಣದಿದ್ದ ಒಂದು ಸಂಗತಿ ಕಂಡಿತು. ಮರ್ಮರವಿದ್ದೂ ಗಿರಣಿಯಲ್ಲಿ ದುಡಿದು ಮುಪ್ಪಿನವರೆಗೆ ಬದುಕಿದವರಿದ್ದರು. ಶಬ್ದವೇ ಇಲ್ಲದೆ ಬೇಗ ಸತ್ತವರೂ ಇದ್ದರು. ಹೃದಯ ಎಷ್ಟು ಕೆಲಸ ಮಾಡಬಲ್ಲದು ಎಂಬುದೇ ಕೇಳಬೇಕಾದ ಪ್ರಶ್ನೆಯೆಂದು ಅವರು ನಿರ್ಧರಿಸಿದರು. 1908ರಲ್ಲಿ ಪ್ರಕಟವಾದ ಅವರ ಹೃದ್ರೋಗ ಗ್ರಂಥದಿಂದ ಈ ಮತ ವ್ಯಾಪಕವಾಗಿ ಹರಡಿತು.

ಮೊದಲನೆಯ ಮಹಾಯುದ್ಧ ಈ ಮತಕ್ಕೆ ದೊಡ್ಡ ಪ್ರಯೋಗಶಾಲೆಯಾಯಿತು. ಎದೆಬಡಿತ, ಏದುಸಿರು, ಬಳಲಿಕೆಗಳಿಂದ ಸಾವಿರಗಟ್ಟಲೆ ಸೈನಿಕರು ರಣರಂಗದಿಂದ ಹಿಂದಿರುಗಿದಾಗ, 1916ರಲ್ಲಿ ಹ್ಯಾಂಪ್‌ಸ್ಟೆಡ್‌ನಲ್ಲಿ ಇಂಥವರಿಗಾಗಿಯೇ ಒಂದು ಸೈನಿಕ ಆಸ್ಪತ್ರೆ ಏರ್ಪಟ್ಟಿತು. ಮರುವರ್ಷ ಅದು ಕಾಲ್ಚೆಸ್ಟರಿಗೆ ಸ್ಥಳಾಂತರಗೊಂಡಿತು. ಅಲ್ಲಿ ತಾಮಸ್ ಲೂಯಿಸರು ಸೈನಿಕರಿಗೆ ಹಂತಹಂತವಾಗಿ ಏರುವ ಕವಾಯತುಗಳನ್ನು ಕೊಟ್ಟು, ಯಾರು ಎಷ್ಟನ್ನು ತಾಳಬಲ್ಲರೆಂಬುದನ್ನು ನೋಡಿ ವರ್ಗೀಕರಿಸಿದರು. ಇವರಲ್ಲಿ ಹೆಚ್ಚಿನವರಿಗೆ ಕವಾಟದ ರೋಗವೇ ಇರಲಿಲ್ಲ. 1918ರಲ್ಲಿ ಹೊರಬಂದ ಅವರ ಗ್ರಂಥ ಈ ಸ್ಥಿತಿಗೆ ಶ್ರಮಲಕ್ಷಣಕೂಟವೆಂಬರ್ಥದ ಹೆಸರನ್ನು ಕೊಟ್ಟಿತು. ಮರ್ಮರಕ್ಕಿಂತ ಶ್ರಮಸಹನೆಯೇ ಪ್ರಮಾಣವೆಂಬ ಮ್ಯಾಕೆಂಜಿಯವರ ಮಾತು ಇಲ್ಲಿ ಪುಷ್ಟಿ ಪಡೆಯಿತು.

ಆದರೆ ಇದೇ ಸಿದ್ಧಾಂತ ಇನ್ನೊಂದು ದಿಕ್ಕಿನಲ್ಲಿ ಕಹಿಯಾದ ಫಲವನ್ನು ಕೊಟ್ಟಿತು. ಹೃದಯದ ಸ್ನಾಯುವೇ ಮುಖ್ಯ, ಕವಾಟ ಗೌಣ ಎಂದಮೇಲೆ ಕವಾಟವನ್ನು ಸರಿಪಡಿಸುವ ಗೊಡವೆಯೇಕೆ? 1902ರಲ್ಲಿ ಲಾಡರ್ ಬ್ರಂಟನ್ ಎಂಬ ಪ್ರಸಿದ್ಧ ವೈದ್ಯರು, ಬೆಸೆದುಹೋದ ಮೈಟ್ರಲ್ ಕವಾಟವನ್ನು ಶಸ್ತ್ರದಿಂದ ಬಿಡಿಸಬಹುದೆಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಸೂಚಿಸಿದ್ದರು; ಪತ್ರಿಕೆಯ ಸಂಪಾದಕೀಯವೇ ಅದನ್ನು ಖಂಡಿಸಿತು. 1923ರ ಮೇ ತಿಂಗಳಲ್ಲಿ ಬಾಸ್ಟನ್ನಿನಲ್ಲಿ ಎಲಿಯಟ್ ಕಟ್ಲರ್ ಹನ್ನೆರಡು ವರ್ಷದ ಬಾಲಕಿಯೊಬ್ಬಳ ಕವಾಟವನ್ನು ಕತ್ತರಿಸಿದರು. ಆಕೆ ನಾಲ್ಕೂವರೆ ವರ್ಷ ಬದುಕಿದಳು. ಅವರ ಮುಂದಿನ ಬಹುಪಾಲು ರೋಗಿಗಳು ಬದುಕಲಿಲ್ಲ. 1925ರ ಮೇ 6ರಂದು ಲಂಡನ್ನಿನಲ್ಲಿ ಹೆನ್ರಿ ಸೌಟರ್ ಒಬ್ಬ ತರುಣಿಯ ಹೃದಯದೊಳಕ್ಕೆ ಬೆರಳನ್ನೇ ತೂರಿಸಿ ಕವಾಟವನ್ನು ಬಿಡಿಸಿದರು. ಆಕೆ ಗುಣಹೊಂದಿ ಮನೆಗೆ ಹೋದಳು. ಆ ಬಳಿಕ ಅಂಥ ಶಸ್ತ್ರಕ್ರಿಯೆಗೆಂದು ಸೌಟರರ ಬಳಿಗೆ ವೈದ್ಯರು ಇನ್ನೊಬ್ಬ ರೋಗಿಯನ್ನೂ ಕಳುಹಿಸಲಿಲ್ಲ. ಮ್ಯಾಕೆಂಜಿಯವರು ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದರು. ಅವರ ಸಿದ್ಧಾಂತ ಮಾತ್ರ ಪ್ರಬಲವಾಗಿಯೇ ಇತ್ತು. ಸೌಟರರ ಬೆರಳಿಗೂ ಅದರ ಪುನರಾವೃತ್ತಿಗೂ ನಡುವೆ ಕಳೆದದ್ದು ಇಪ್ಪತ್ತಮೂರು ವರ್ಷ. ಸರಿಯಾದ ಪ್ರಶ್ನೆಯನ್ನು ಕೇಳಿದವರು ಅದರ ಅರ್ಧ ಉತ್ತರಕ್ಕೇ ತೃಪ್ತರಾದರೆಂದು ನಾವು ಭಾವಿಸುತ್ತೇವೆ: ಹೃದಯದ ಶಕ್ತಿ ಶ್ರಮದಲ್ಲಿ ತಿಳಿಯುತ್ತದೆಂಬುದು ನಿಜ, ಆದರೆ ಆ ಶಕ್ತಿಯನ್ನು ಕುಂದಿಸುತ್ತಿರುವುದು ಕವಾಟವೋ ಸ್ನಾಯುವೋ ಎಂಬುದನ್ನು ಶ್ರಮವೊಂದೇ ಹೇಳಲಾರದು. ಅದಕ್ಕೆ ಒಳಗಿನದು ಕಾಣಬೇಕಾಗಿತ್ತು.

ನಡುವಣ ವರ್ಷಗಳಲ್ಲಿ ನಡೆದದ್ದನ್ನು ಸಂಕ್ಷೇಪವಾಗಿ ಹೇಳಬಹುದು. 1928ರಲ್ಲಿ ನ್ಯೂಯಾರ್ಕ್ ಹೃದಯ ಸಂಘ ರೋಗಿಗಳನ್ನು ಅವರ ದಿನನಿತ್ಯದ ಚಟುವಟಿಕೆಯ ಆಧಾರದಿಂದ ನಾಲ್ಕು ವರ್ಗಗಳಾಗಿ ವಿಂಗಡಿಸಿತು. ಆ ವರ್ಗೀಕರಣ ಇಂದಿಗೂ ಬಳಕೆಯಲ್ಲಿದೆ. 1929ರಲ್ಲಿ ಆರ್ಥರ್ ಮಾಸ್ಟರ್ ಎರಡು ಮೆಟ್ಟಿಲುಗಳನ್ನು ಹತ್ತಿಳಿಸಿ ನಾಡಿಯನ್ನೂ ರಕ್ತದ ಒತ್ತಡವನ್ನೂ ಅಳೆಯುವ ಸುಲಭ ಪರೀಕ್ಷೆಯನ್ನು ಪ್ರಕಟಿಸಿದರು. ಅದೇ ವರ್ಷ ಜರ್ಮನಿಯ ಎಬರ್ಸ್‌ವಾಲ್ಡೆಯಲ್ಲಿ ವರ್ನರ್ ಫೋರ್ಸ್‌ಮನ್ ಎಂಬ ಯುವಕ ವೈದ್ಯ ತನ್ನ ತೋಳಿನ ಅಭಿಧಮನಿಯೊಳಗಿಂದ ಹೃದಯದವರೆಗೆ ತೆಳುಗೊಳವೆಯನ್ನು ತಾನೇ ತೂರಿಸಿಕೊಂಡು, ಕ್ಷ-ಕಿರಣದ ಕೋಣೆಯವರೆಗೆ ನಡೆದುಹೋಗಿ ಚಿತ್ರ ತೆಗೆಸಿಕೊಂಡನು. ಈ ಸಾಹಸವನ್ನು ಶಿಸ್ತಿನ ವಿಜ್ಞಾನವಾಗಿ ಬೆಳೆಸಿದವರು ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ಕೂರ್ನಾಂ ಮತ್ತು ರಿಚರ್ಡ್ಸ್. ಮೂವರಿಗೂ 1956ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. 1948ರ ಜೂನ್ ತಿಂಗಳಲ್ಲಿ ಫಿಲಡೆಲ್ಫಿಯಾದ ಚಾರ್ಲ್ಸ್ ಬೈಲಿಯವರೂ ಬಾಸ್ಟನ್ನಿನ ಡ್ವೈಟ್ ಹಾರ್ಕನ್ನರೂ ಕೆಲವೇ ದಿನಗಳ ಅಂತರದಲ್ಲಿ ಕವಾಟವನ್ನು ಯಶಸ್ವಿಯಾಗಿ ಬಿಡಿಸಿದರು. ಯಾರಿಗೆ ಶಸ್ತ್ರಕ್ರಿಯೆ ಮಾಡಬೇಕು, ಯಾವಾಗ ಮಾಡಬೇಕು ಎಂಬುದು ಅಂದಿನಿಂದ ಜೀವನ್ಮರಣದ ಪ್ರಶ್ನೆಯಾಯಿತು.

1951ರಲ್ಲಿ ಬಾಸ್ಟನ್ನಿನ ಲೂಯಿಸ್ ಡೆಕ್ಸ್‌ಟರರ ಪ್ರಯೋಗಶಾಲೆಯಲ್ಲಿದ್ದ ರಿಚರ್ಡ್ ಗಾರ್ಲಿನ್, ಕವಾಟದ ಬಾಯಿಯ ವಿಸ್ತೀರ್ಣವನ್ನು ಲೆಕ್ಕಹಾಕುವ ಸೂತ್ರವೊಂದನ್ನು ಪ್ರಕಟಿಸಿದರು. ಸಹಲೇಖಕರು ಅವರ ತಂದೆ, ವೃತ್ತಿಯಿಂದ ಇಂಜಿನಿಯರು. ನಮ್ಮ ನಾಡಿನವರಿಗೆ ಈ ಸೂತ್ರದ ತತ್ತ್ವವನ್ನು ವಿವರಿಸಲು ಕೆರೆಯ ತೂಬಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ತೂಬಿನ ಕಂಡಿ ಅಷ್ಟೇ ಇರುವಾಗ ಎರಡರಷ್ಟು ನೀರು ಹೊರಬರಬೇಕಾದರೆ ಹಿಂದೆ ನಿಂತ ನೀರಿನ ಮಟ್ಟ ಎರಡರಷ್ಟಾದರೆ ಸಾಲದು, ನಾಲ್ಕರಷ್ಟಾಗಬೇಕು. ಹೃದಯದಲ್ಲಿ ಇನ್ನೊಂದು ತೊಡಕೂ ಇದೆ. ಶ್ರಮದಲ್ಲಿ ನಾಡಿ ವೇಗವಾದಂತೆ ಬಡಿತಬಡಿತದ ನಡುವೆ ಕವಾಟ ತೆರೆದಿರುವ ಅವಧಿಯೂ ಮೊಟಕಾಗುತ್ತದೆ. ಹೆಚ್ಚು ರಕ್ತ ಕಡಿಮೆ ಹೊತ್ತಿನಲ್ಲಿ ಅದೇ ಕಂಡಿಯ ಮೂಲಕ ಹಾಯಬೇಕು. ನಾವೇ ಒಂದು ಲೆಕ್ಕ ಮಾಡಿ ನೋಡಿದೆವು. ಕವಾಟದ ಬಾಯಿ 1.5 ಚದರ ಸೆಂಟಿಮೀಟರೆಂದೂ, ನಾಡಿ 70, ನಿಮಿಷಕ್ಕೆ ಹರಿಯುವ ರಕ್ತ 5 ಲೀಟರು, ಪ್ರತಿ ಬಡಿತದಲ್ಲಿ ಕವಾಟ ತೆರೆದಿರುವುದು 0.45 ಸೆಕೆಂಡು ಎಂದೂ ಹಿಡಿದರೆ, ಕವಾಟದ ಎರಡು ಬದಿಗಳ ಒತ್ತಡದ ವ್ಯತ್ಯಾಸ ಸುಮಾರು 8 ಮಿಲಿಮೀಟರ್ ಪಾದರಸ. ಅದೇ ವ್ಯಕ್ತಿ ಬಿರುಸಾಗಿ ನಡೆದು ನಾಡಿ 110ಕ್ಕೂ ರಕ್ತ 8 ಲೀಟರಿಗೂ ಏರಿ, ತೆರೆದಿರುವ ಅವಧಿ 0.25 ಸೆಕೆಂಡಿಗೆ ಇಳಿದರೆ, ವ್ಯತ್ಯಾಸ 26ಕ್ಕೆ ಜಿಗಿಯುತ್ತದೆ. ಕವಾಟ ಒಂದು ಕೂದಲಿನಷ್ಟೂ ಬದಲಾಗಿಲ್ಲ. ಡೆಕ್ಸ್‌ಟರರ ತಂಡ ಅದೇ 1951ರಲ್ಲಿ, ಕೊಳವೆ ಹೃದಯದೊಳಗಿರುವಾಗಲೇ ರೋಗಿಗಳಿಂದ ವ್ಯಾಯಾಮ ಮಾಡಿಸಿ ಈ ಏರಿಕೆಯನ್ನು ನೇರವಾಗಿ ಅಳೆದು ಪ್ರಕಟಿಸಿತು. ಶ್ರಮದ ಪ್ರಶ್ನೆಯೂ ಕವಾಟದ ಪ್ರಶ್ನೆಯೂ ಮೊದಲ ಬಾರಿಗೆ ಒಂದೇ ಮೇಜಿನ ಮೇಲೆ ಕೂಡಿದ್ದು ಇಲ್ಲಿ. ಆದರೆ ಇಂಥ ಪರೀಕ್ಷೆಯನ್ನು ಎಷ್ಟು ಮಂದಿಗೆ, ಎಷ್ಟು ಬಾರಿ ಮಾಡಲಾದೀತು?

ಚಿತ್ರಣದ ಉಗಮ ಸ್ವೀಡನ್ನಿನ ಲುಂಡ್ ನಗರದಲ್ಲಿ. ಅಲ್ಲಿಯ ಹೃದ್ರೋಗ ವೈದ್ಯ ಇಂಗೆ ಎಡ್ಲರರಿಗೆ ಎದುರಾಗಿದ್ದ ಕಷ್ಟ ಶುದ್ಧ ವ್ಯಾವಹಾರಿಕವಾದದ್ದು: ಶಸ್ತ್ರಕ್ರಿಯೆಗೆ ಕಳುಹಿಸುವ ಮುನ್ನ, ರೋಗಿಯ ಮೈಟ್ರಲ್ ಕವಾಟ ಇಕ್ಕಟ್ಟಾಗಿದೆಯೋ ಸೋರುತ್ತಿದೆಯೋ ತಿಳಿಯಬೇಕು. ಸೋರುವ ಕವಾಟವನ್ನು ಬೆರಳಿನಿಂದ ಇನ್ನಷ್ಟು ಬಿಡಿಸಿದರೆ ರೋಗಿ ಉಳಿಯುವಂತಿರಲಿಲ್ಲ. ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸರು ಮಾಲ್ಮೋ ನಗರದ ಕಾಕುಮ್ಸ್ ಹಡಗುಕಟ್ಟೆಗೆ ಹೋಗಿ, ಲೋಹದ ಹಲಗೆಗಳಲ್ಲಿ ಬಿರುಕು ಹುಡುಕಲು ಅಲ್ಲಿ ಬಳಸುತ್ತಿದ್ದ ಶ್ರವಣಾತೀತ ಧ್ವನಿಯಂತ್ರವನ್ನು ತಮ್ಮ ಎದೆಗೇ ಇಟ್ಟುಕೊಂಡು ನೋಡಿದರು. ಬಡಿತದೊಡನೆ ಚಲಿಸುವ ಪ್ರತಿಧ್ವನಿ ಕಾಣಿಸಿತು. ಅವರ ತಂದೆ ಗುಸ್ತಾವ್ ಹರ್ಟ್ಸರು ನೊಬೆಲ್ ಪಾರಿತೋಷಕ ಪಡೆದ ವಿಜ್ಞಾನಿ, ಹಿಂದೆ ಸೀಮೆನ್ಸ್ ಸಂಸ್ಥೆಯ ಸಂಶೋಧನಾಲಯದ ಮುಖ್ಯಸ್ಥರಾಗಿದ್ದವರು; ಆ ಪರಿಚಯದಿಂದ ಒಂದು ಯಂತ್ರ ಎರವಲಾಗಿ ದೊರೆಯಿತು. 1953ರ ಅಕ್ಟೋಬರ್ 29ರಂದು ಲುಂಡ್‌ನಲ್ಲಿ ಮೊದಲ ಹೃದಯ ಪ್ರತಿಧ್ವನಿಯ ದಾಖಲೆಯಾಯಿತು.

ಇಲ್ಲೊಂದು ಸಂಗತಿ ಚರಿತ್ರಕಾರನ ಗಮನಕ್ಕೆ ವಿಶೇಷವಾಗಿ ಅರ್ಹವಾಗಿದೆ. ಮೈಟ್ರಲ್ ರೋಗಿಗಳಲ್ಲಿ ಇಳಿಜಾರು ನಿಧಾನವಾಗಿರುವ ಒಂದು ಅಲೆಯನ್ನು ಎಡ್ಲರರು ಗುರುತಿಸಿ, ಅದರಿಂದ ರೋಗವನ್ನು ನಿರ್ಣಯಿಸತೊಡಗಿದರು. ಆ ಅಲೆ ಎಡ ಹೃತ್ಕರ್ಣದ ಮುಂಗೋಡೆಯಿಂದ ಬರುತ್ತದೆಂದು ಅವರು ಕೆಲವು ಕಾಲ ನಂಬಿದ್ದರು. ಮರಣಾನಂತರದ ಪರೀಕ್ಷೆಗಳಿಂದ ಅದು ಕವಾಟದ ಮುಂದಳದ್ದೇ ಚಲನೆಯೆಂದು ಆಮೇಲೆ ಅವರೇ ಕಂಡುಕೊಂಡರು. ದಾಖಲೆಯ ಮೂಲವನ್ನು ತಪ್ಪಾಗಿ ಗುರುತಿಸಿದ್ದರೂ ಅದರ ತಾತ್ಪರ್ಯವನ್ನು ಸರಿಯಾಗಿ ಓದಿದ ಪ್ರಸಂಗವಿದು. ಶಾಸನಗಳ ಅಧ್ಯಯನದಲ್ಲಿಯೂ ಇಂಥವು ನಮಗೆ ಎದುರಾಗದೆ ಇಲ್ಲ.

ಎಕೋ ಎಂಬ ಚಿಕ್ಕ ಹೆಸರಿನಿಂದ ಇಂದು ಹಳ್ಳಿಯವರಿಗೂ ಪರಿಚಿತವಾದ ಈ ವಿಧಾನವನ್ನು ಅಮೆರಿಕದಲ್ಲಿ ಪ್ರಚಾರಕ್ಕೆ ತಂದವರು ಇಂಡಿಯಾನಾದ ಹಾರ್ವಿ ಫೈಗನ್‌ಬಾಮ್. ಇದೇ ಕಾಲದಲ್ಲಿ ಸಿಯಾಟಲ್‌ನ ರಾಬರ್ಟ್ ಬ್ರೂಸ್, ಮೂರು ಮೂರು ನಿಮಿಷಕ್ಕೊಮ್ಮೆ ವೇಗವೂ ಏರೂ ಹೆಚ್ಚುವ ಟ್ರೆಡ್‌ಮಿಲ್ ಪರೀಕ್ಷೆಯನ್ನು 1963ರಲ್ಲಿ ವ್ಯವಸ್ಥಿತಗೊಳಿಸಿದರು. ಹೀಗೆ ಎರಡು ಉಪಕರಣಗಳೂ ಸಿದ್ಧವಾದವು. ಆದರೂ ಅವು ಒಂದಾಗಲು ಬಹುಕಾಲ ಹಿಡಿಯಿತು. ಕಾರಣ ಸರಳ. ಓಡುವವನ ಎದೆ ಅಲುಗುತ್ತದೆ. ಗಾಳಿ ತುಂಬಿದ ಪುಪ್ಪುಸ ಹೃದಯದ ಮುಂದೆ ಪರದೆಯಂತೆ ಬರುತ್ತದೆ. ಧ್ವನಿಕಿರಣ ದಾರಿ ತಪ್ಪುತ್ತದೆ. ಓಟವನ್ನು ನಿಲ್ಲಿಸಿ ಮಲಗಿಸಿ ನೋಡೋಣವೆಂದರೆ, ಒಂದೆರಡು ನಿಮಿಷಗಳಲ್ಲಿ ನಾಡಿ ಇಳಿದು, ನೋಡಬೇಕಾಗಿದ್ದ ಒತ್ತಡವೂ ಅದರೊಡನೆ ಇಳಿದುಬಿಡುತ್ತದೆ. ಈ ತೊಡಕಿಲ್ಲದ ಬೇರೊಂದು ಮಾರ್ಗವನ್ನು ಅಮೆರಿಕದ ಜೆಫ್ರಿ ಬೋರರ್ ಮತ್ತು ಸಂಗಡಿಗರು ಹಿಡಿದರು. ವಿಕಿರಣಶೀಲ ದ್ರವ್ಯವನ್ನು ರಕ್ತದಲ್ಲಿ ಬೆರೆಸಿ, ರೋಗಿ ಶ್ರಮಿಸುತ್ತಿರುವಾಗಲೇ ಹೃತ್ಕುಕ್ಷಿಯ ಚಿತ್ರ ತೆಗೆದರು. ಮಹಾಪಧಮನಿಯ ಕವಾಟ ಸೋರುತ್ತಿದ್ದ ರೋಗಿಗಳಲ್ಲಿ, ಯಾವ ದೂರೂ ಇಲ್ಲದ ಕೆಲವರ ಹೃದಯವೂ ಶ್ರಮದಲ್ಲಿ ಕುಂದುತ್ತದೆಂದು 1978ರಲ್ಲಿ ಅವರು ವರದಿ ಮಾಡಿದರು. ‘ಏನೂ ತೊಂದರೆಯಿಲ್ಲ’ ಎಂಬ ಮಾತಿನ ಹಿಂದೆ ಏನಿರಬಹುದೆಂಬುದಕ್ಕೆ ಇದು ಚಿತ್ರರೂಪದ ಸಾಕ್ಷ್ಯವಾಯಿತು.

ಮೈಟ್ರಲ್ ಕವಾಟದ ಮಟ್ಟಿಗೆ ಗಂಟು ಬಿಚ್ಚಿದ್ದು ನಾರ್ವೆಯಲ್ಲಿ. ಟ್ರೋಂಡ್‌ಹೈಮ್ ನಗರದ ಲಿವ್ ಹಾಟ್ಲೆ ಎಂಬ ಮಹಿಳಾ ವೈದ್ಯರು, ಬ್ಯೋರ್ನ್ ಆಂಗೆಲ್ಸನ್ ಮೊದಲಾದ ತಂತ್ರಜ್ಞರೊಡನೆ, ರಕ್ತದ ವೇಗವನ್ನು ಡಾಪ್ಲರ್ ತತ್ತ್ವದಿಂದ ಅಳೆದು, ಆ ವೇಗದ ವರ್ಗವನ್ನು ನಾಲ್ಕರಿಂದ ಗುಣಿಸಿದರೆ ಒತ್ತಡದ ವ್ಯತ್ಯಾಸ ದೊರೆಯುತ್ತದೆಂದು ತೋರಿಸಿದರು. ಅವರ ಲೇಖನಗಳು 1978 ಮತ್ತು 1979ರವು. ಕವಾಟದ ದಳಗಳ ಸ್ಪಷ್ಟ ಚಿತ್ರ ಬೇಕಿಲ್ಲ, ವೇಗದ ಒಂದು ರೇಖೆ ಸಾಕು. ಅದು ಏದುಸಿರಿನ ನಡುವೆಯೂ ಸಿಗುತ್ತದೆ. 1984ರಲ್ಲಿ ಯಾಕ್ ಮತ್ತು ಪಾಪ್ ಎಂಬ ಅಮೆರಿಕದ ವೈದ್ಯರು, ಬಲಗಡೆಯ ತ್ರಿದಳ ಕವಾಟದ ಸೋರಿಕೆಯ ವೇಗದಿಂದ ಬಲ ಹೃತ್ಕುಕ್ಷಿಯ ಒತ್ತಡವನ್ನು ಅಂದಾಜು ಮಾಡುವ ವಿಧಾನವನ್ನು ಕೊಟ್ಟರು. ಪುಪ್ಪುಸಧಮನಿಯ ಒತ್ತಡವನ್ನು ತಿಳಿಯಲು ಕೊಳವೆಯೇ ಬೇಕೆಂಬ ಕಟ್ಟು ಇದರಿಂದ ಸಡಿಲವಾಯಿತು. 1951ರಲ್ಲಿ ಕೊಳವೆಯಿಂದ ಮಾತ್ರ ತಿಳಿಯುತ್ತಿದ್ದುದು ಈಗ ಸೂಜಿಯೂ ಚುಚ್ಚದೆ ತಿಳಿಯುವಂತಾಯಿತು. 1990ರ ದಶಕದಿಂದ ಇದು ನಿರ್ಣಯದ ಸಾಧನವಾಗಿ ಬಳಕೆಗೆ ಬಂದಿತು. ವಿಶ್ರಾಂತಿಯಲ್ಲಿ ಕವಾಟ ಅಷ್ಟೇನೂ ಕೆಟ್ಟಂತೆ ಕಾಣದಿದ್ದರೂ ರೋಗಿಗೆ ಉಸಿರುಕಟ್ಟುವಂತಿದ್ದರೆ, ಶ್ರಮದಲ್ಲಿ ಕವಾಟದ ಸರಾಸರಿ ಒತ್ತಡವ್ಯತ್ಯಾಸ 15 ಮಿಲಿಮೀಟರನ್ನೋ ಪುಪ್ಪುಸಧಮನಿಯ ಒತ್ತಡ 60 ಮಿಲಿಮೀಟರನ್ನೋ ಮೀರುತ್ತದೆಯೇ ನೋಡಬೇಕೆಂದು ಅಮೆರಿಕದ ಹೃದ್ರೋಗ ಸಂಸ್ಥೆಗಳು 2006ರ ತಮ್ಮ ಮಾರ್ಗಸೂಚಿಯಲ್ಲಿ ಹೇಳಿದವು.

ಈ 60 ಎಂಬ ಸಂಖ್ಯೆಯ ವಿಷಯದಲ್ಲಿ ನಮಗೆ ಸ್ವಲ್ಪ ಸಂಶಯವಿದೆ. ಚೆನ್ನಾಗಿ ಪಳಗಿದ ಕ್ರೀಡಾಪಟುಗಳಲ್ಲಿಯೂ, ವಯಸ್ಸಾದ ಆರೋಗ್ಯವಂತರಲ್ಲಿಯೂ ಒತ್ತಡ ಆ ಮಟ್ಟವನ್ನು ಮುಟ್ಟುವುದುಂಟೆಂದು ಬೇರೆ ಅಧ್ಯಯನಗಳು ತೋರಿಸಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮರ್ಮರಕ್ಕೆ ಬಂದಿದ್ದ ತೀರ್ಪಿನ ಅಧಿಕಾರ ಒಂದು ಸಂಖ್ಯೆಗೆ ಬಾರದಿರಲೆಂದು ಹಾರೈಸುವುದಷ್ಟೇ ನಮ್ಮಿಂದ ಸಾಧ್ಯ. ಈ ಎಚ್ಚರ ಹೊಸ ಬರಹಗಳಲ್ಲಿ ಕಾಣುತ್ತಿರುವುದು ಸಂತೋಷದ ವಿಷಯ. ಬೆಲ್ಜಿಯಮ್ಮಿನ ಲಿಯೇಜ್ ನಗರದ ಪಿಯೇರಾರ್ ಮತ್ತು ಲಾನ್ಸೆಲ್ಲೊತ್ತಿಯವರು ರೋಗಿಯನ್ನು ಓರೆಯಾಗಿ ಒರಗಿಸಿ, ಸೈಕಲ್ಲಿನ ಪೆಡಲು ತುಳಿಸುತ್ತ, ಹಂತಹಂತದಲ್ಲಿಯೂ ಚಿತ್ರ ತೆಗೆಯುವ ಕ್ರಮದಿಂದ ಹಲವು ಬಗೆಯ ಕವಾಟರೋಗಗಳನ್ನು ಪರಿಶೀಲಿಸಿದರು. ವಿಶ್ರಾಂತಿಯಲ್ಲಿ ಅಲ್ಪವೆಂದು ತೋರಿದ ಮೈಟ್ರಲ್ ಸೋರಿಕೆ ಶ್ರಮದಲ್ಲಿ ಹೆಚ್ಚಿ, ಪುಪ್ಪುಸಗಳಲ್ಲಿ ಹಠಾತ್ತನೆ ನೀರು ತುಂಬುವುದಕ್ಕೆ ಕಾರಣವಾಗಬಲ್ಲದೆಂದು 2004ರಲ್ಲಿ ಅವರು ತೋರಿಸಿಕೊಟ್ಟದ್ದು ಮಹತ್ತ್ವದ ಕೆಲಸ.

ಭಾರತದ ಸಂಬಂಧ ಈ ಚರಿತ್ರೆಗೆ ದೂರದ್ದಲ್ಲ. 1963ರಲ್ಲಿ ದೆಹಲಿಯ ಸುಜಯ್ ರಾಯ್, ರಾಮಲಿಂಗಸ್ವಾಮಿ ಮೊದಲಾದವರು, ಪಶ್ಚಿಮದಲ್ಲಿ ನಡುವಯಸ್ಸಿಗೆ ಬರುವ ಮೈಟ್ರಲ್ ಸಂಕೋಚ ನಮ್ಮಲ್ಲಿ ಇಪ್ಪತ್ತು ವರ್ಷ ತುಂಬುವ ಮೊದಲೇ ತೀವ್ರವಾಗಿ ಕಾಣಿಸಿಕೊಳ್ಳುತ್ತದೆಂದು ‘ಲ್ಯಾನ್ಸೆಟ್’ನಲ್ಲಿ ವರದಿ ಮಾಡಿದರು. ಬ್ರಂಟನ್ನರನ್ನು ಖಂಡಿಸಿದ್ದ ಪತ್ರಿಕೆಯೇ ಅದು. ಜಪಾನಿನ ಕಾಂಜಿ ಇನೂಯೆ 1984ರಲ್ಲಿ ಪ್ರಕಟಿಸಿದ ಬಲೂನು ವಿಧಾನ, ಎದೆಯನ್ನು ಸೀಳದೆ ತೊಡೆಯ ಅಭಿಧಮನಿಯ ಮೂಲಕ ಕವಾಟವನ್ನು ಬಿಡಿಸುತ್ತದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಈ ಚಿಕಿತ್ಸೆಯನ್ನು ಬಹುಸಂಖ್ಯೆಯ ರೋಗಿಗಳಿಗೆ ನೀಡಿ ಹೆಸರಾಗಿದೆ. ಚಿಕಿತ್ಸೆ ಹೀಗೆ ಸುಲಭವಾದಷ್ಟೂ ಅದು ಯಾರಿಗೆ ಬೇಕೆಂಬ ನಿರ್ಣಯ ಸೂಕ್ಷ್ಮವಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಅನೇಕ ತರುಣಿಯರ ಕವಾಟದ ರೋಗ ಮೊದಲು ಬಯಲಾಗುವುದು ಇಂದಿಗೂ ಬಸುರಿನ ಆರನೆಯ ಏಳನೆಯ ತಿಂಗಳಲ್ಲಿ. ಬರ್ನ್ಲಿಯಲ್ಲಿ ಮ್ಯಾಕೆಂಜಿಯವರ ಮುಂದೆ ನಡೆದದ್ದೂ ಇದೇ. ಮದುವೆಗೆ ಮುಂಚೆ, ಅಥವಾ ಮೊದಲ ಬಸುರಿಗೆ ಮುಂಚೆ, ಆ ಹುಡುಗಿಯನ್ನು ಹತ್ತು ನಿಮಿಷ ಪೆಡಲು ತುಳಿಸಿ ನೋಡಿದ್ದರೆ ಏನು ಕಾಣುತ್ತಿತ್ತೆಂಬುದು ಊಹೆಗೆ ನಿಲುಕದ ವಿಷಯವಲ್ಲ.

ಮಹಾಪಧಮನಿ ಕವಾಟದ ಸಂಕೋಚದಲ್ಲಿ ಶ್ರಮಪರೀಕ್ಷೆಯನ್ನು ಬಹುಕಾಲ ಅಪಾಯಕರವೆಂದು ನಿಷೇಧಿಸಿದ್ದೂ, ದೂರುಗಳಿಲ್ಲದ ರೋಗಿಗಳ ಮಟ್ಟಿಗೆ ಆ ನಿಷೇಧ ಈಚೆಗೆ ಸಡಿಲಗೊಂಡದ್ದೂ ಬೇರೆಯೇ ಒಂದು ಕಥೆ. ಅದರ ಆಧಾರಗಳನ್ನು ಕೂಡಿಸುತ್ತಿದ್ದೇವೆ. ಇನ್ನೊಂದು ಸಂಚಿಕೆಯಲ್ಲಿ ಅದನ್ನು ಪ್ರತ್ಯೇಕವಾಗಿ ಪರಿಶೀಲಿಸುವ ಉದ್ದೇಶವಿದೆ.